ಸವೆದ ಟಯರೂ ಅದರ ಪರೀಕ್ಷಕರೂ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟು ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣಗಳನ್ನು ಹಾಯ್ದು ಕೊಡಗಿನ ಕಡೆಗೆ ಏರುವ ಹೆದ್ದಾರಿಯಲ್ಲಾಗಲಿ, ಬಿಳಿಕೆರೆಯಲ್ಲಿ ಕವಲೊಡೆದು ಕೃಷ್ಣರಾಜನಗರದ ಗದ್ದೆಬಯಲಿನ ನಡುವೆ ಹಾಸನದತ್ತ ಸಾಗುವ ಮಾರ್ಗದಲ್ಲಾಗಲಿ, ಹ್ಯಾಂಡ್‌ಪೋಸ್ಟನ್ನು ದಾಟಿ ಹೆಗ್ಗಡದೇವನಕೋಟೆಯ ಕಾಡಂಚನ್ನು ಹಿಡಿದು ಬಾವಲಿಯ ಗಡಿಯನ್ನು ಮುಟ್ಟುವ ದಾರಿಯಲ್ಲಾಗಲಿ ಪ್ರಯಾಣ ಮಾಡಿದವರು ಕಾಣದೆ ಇರಲಾರದ, ಆದರೆ ಕಂಡೆವೆಂದು ನೆನಪಿಟ್ಟುಕೊಳ್ಳದ ಒಂದು ವಸ್ತುವುಂಟು. ಪಂಕ್ಚರ್ ಅಂಗಡಿಯ ಮುಂದೆ ಗುರುತಿಗಾಗಿ ನಿಲ್ಲಿಸಿದ ಹಳೆಯ ಟಯರು ಅದು. ಅದೇ ಅಂಗಡಿಯ ಹಿಂಬದಿಯಲ್ಲಿ, ಲಂಟಾನದ ಪೊದೆಗೆ ಒರಗಿಕೊಂಡು, ಆಳೆತ್ತರಕ್ಕೆ ಬೆಳೆದು ನಿಂತಿರುವುದು ಅದರ ಬಂಧುಬಳಗ. ಮುಂದಿನದು ವ್ಯಾಪಾರದ ಫಲಕ. ಹಿಂದಿನದು ಯಾವ ಲೆಕ್ಕಪುಸ್ತಕಕ್ಕೂ ಸೇರದ ದಾಸ್ತಾನು. ಈ ಹಿಂದಿನ ರಾಶಿಯನ್ನು ಪರೀಕ್ಷಿಸುವ ಅಧಿಕಾರವುಳ್ಳವರು ಯಾರು, ಬಂದರೆ ಅವರು ಏನನ್ನು ನೋಡುವರು, ಏನನ್ನು ನೋಡದೆ ಹೋಗುವರು ಎಂಬುದು ಪ್ರಕೃತ ಲೇಖನದ ವಿಷಯ.

ನಮ್ಮ ಸೀಮೆಯಲ್ಲಿ ಟಯರಿಗೆ ಆಯುಸ್ಸು ದೀರ್ಘವೆಂಬುದನ್ನು ಮೊದಲಿಗೆ ಹೇಳತಕ್ಕದ್ದು. ಲಾರಿಯ ಚಕ್ರದಲ್ಲಿ ಸವೆದದ್ದು ರೀಟ್ರೇಡಿಂಗ್ ಅಂಗಡಿಗೆ ಹೋಗಿ, ಮೈಮೇಲೆ ಹೊಸ ರಬ್ಬರಿನ ಪಟ್ಟಿಯನ್ನು ಹೊದ್ದು ಮತ್ತೆ ರಸ್ತೆಗೆ ಬರುವುದು. ಒಡಲು ಗಟ್ಟಿಯಾಗಿದ್ದರೆ ಈ ಸಂಸ್ಕಾರ ಎರಡನೆಯ ಸಲವೂ ನಡೆಯುವುದು. ಲಾರಿಗೆ ಬೇಡವಾದ ಮೇಲೆ ಟ್ರಾಕ್ಟರಿನ ಟ್ರೇಲರಿಗೆ ಇಳಿದು ಹೊಗೆಸೊಪ್ಪಿನ ಬ್ಯಾರನ್ನಿಗೆ ಸೌದೆಯನ್ನೋ ಸಕ್ಕರೆ ಕಾರ್ಖಾನೆಗೆ ಕಬ್ಬನ್ನೋ ಸಾಗಿಸುವುದು. ಅಲ್ಲಿಂದ ಎತ್ತಿನ ಟಯರ್ ಗಾಡಿಗೆ. ಅದೂ ಮುಗಿದ ತರುವಾಯ ಮನೆಯ ಶೀಟು ಗಾಳಿಗೆ ಹಾರದಂತೆ ಸೂರಿನ ಮೇಲೆ, ಹುಲ್ಲಿನ ಮೆದೆಗೆ ಹೊದಿಸಿದ ಟಾರ್ಪಾಲಿನ ಮೇಲೆ ತೂಕಕ್ಕೆಂದು ಕೂಡುವುದು. ಟಯರಿನ ಅಟ್ಟೆಯ ಚಪ್ಪಲಿಯನ್ನು ಮೆಟ್ಟಿ ಮೂರು ಮಳೆಗಾಲ ಕಳೆದವರು ಈಗಲೂ ಹಳ್ಳಿಗಳಲ್ಲಿದ್ದಾರೆ. ಹುಣಸೂರಿನ ಮಟ್ಟಿಗೆ ಇದರಲ್ಲಿ ಒಂದು ಐತಿಹಾಸಿಕ ಔಚಿತ್ಯವೂ ಉಂಟೆನ್ನಬಹುದು. ಅಮೃತಮಹಲ್ ರಾಸುಗಳ ಇಲಾಖೆಗೆ ನೆಲೆಯಾಗಿದ್ದ ಆ ಊರಿನಲ್ಲಿ ಬ್ರಿಟಿಷರ ಸೈನ್ಯದ ಅಗತ್ಯಗಳಿಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಡಿಪೋಗಳಿದ್ದುವು. 1864ರಲ್ಲಿ ಅವು ಮುಚ್ಚಿದರೂ ಕಲಿತ ಕೈಗಳು ಊರಿನಲ್ಲೇ ಉಳಿದು ಬಂಡಿಗಳನ್ನೂ ಚರ್ಮದ ಸಾಮಾನುಗಳನ್ನೂ ಮಾಡುತ್ತ ಬಂದುವು. ಬಂಡಿ ಮತ್ತು ಮೆಟ್ಟು, ಇವೆರಡರ ಊರಿನಲ್ಲಿ ಟಯರು ಎರಡಕ್ಕೂ ಒದಗಿಬಂದಿತು.

ಆದರೆ ಎಷ್ಟು ಜನ್ಮವೆತ್ತಿದರೂ ಟಯರಿಗೆ ಮುಕ್ತಿ ಇಲ್ಲ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರನು ಗಂಧಕದೊಡನೆ ಕಾಯಿಸಿದ ರಬ್ಬರು ಬಿಸಿಲಿಗೆ ಕರಗದೆ ಚಳಿಗೆ ಸೆಡೆಯದೆ ನಿಲ್ಲುವುದೆಂಬುದನ್ನು ಕಂಡುಕೊಂಡ ದಿನವೇ, ಅದು ಮಣ್ಣಿನಲ್ಲಿ ಕೊಳೆಯುವುದೂ ಇಲ್ಲವೆಂಬ ಕಷ್ಟವು ನಮ್ಮ ಪಾಲಿಗೆ ಬರೆಯಲ್ಪಟ್ಟಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟಯರನ್ನು ರೂಪಿಸಿ ಅದಕ್ಕೊಂದು ಟೊಳ್ಳನ್ನು ಕೊಟ್ಟನು. ಟಯರಿನ ಗುಣವೆಲ್ಲ ಆ ಟೊಳ್ಳಿನಲ್ಲಿದೆ, ದೋಷವೆಲ್ಲವೂ ಅಲ್ಲಿಯೇ ಇದೆ. ರಾಶಿ ಹಾಕಿದ ಟಯರುಗಳು ಆಕ್ರಮಿಸುವ ಜಾಗದ ಮುಕ್ಕಾಲು ಪಾಲು ಬರಿಯ ಅವಕಾಶ. ಮಳೆ ಬಂದರೆ ಆ ಅವಕಾಶದಲ್ಲಿ ನೀರು ನಿಲ್ಲುವುದು, ಬೆಂಕಿ ಬಿದ್ದರೆ ಅದರಲ್ಲಿರುವ ಗಾಳಿಯೇ ಉರಿಗೆ ಆಹಾರವಾಗುವುದು. ಆರೋಗ್ಯ ಇಲಾಖೆಯವರಿಗೂ ಮಾಲಿನ್ಯ ನಿಯಂತ್ರಣದವರಿಗೂ ಈ ರಾಶಿಯೊಡನೆ ಸಂಬಂಧ ಕಲ್ಪಿಸಿದ್ದು ಇದೇ ಟೊಳ್ಳು. ಒಬ್ಬರು ನೀರನ್ನು ನೋಡಬರುವರು, ಇನ್ನೊಬ್ಬರು ಹೊಗೆಯನ್ನು.

ನೀರಿನ ಪರೀಕ್ಷೆಯನ್ನು ಮೊದಲು ನೋಡೋಣ, ಏಕೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಸಾಮಾನ್ಯ ಅಂಗಡಿಯವನ ಬಾಗಿಲಿಗೆ ನಿಜವಾಗಿ ಬರುವುದು ಅದೊಂದೇ. ಡೆಂಗೀ, ಚಿಕೂನ್‌ಗುನ್ಯಾಗಳನ್ನು ಹರಡುವ ಈಡಿಸ್ ಸೊಳ್ಳೆಯು ಚರಂಡಿಯ ಕೊಳೆನೀರನ್ನು ಬಯಸುವುದಿಲ್ಲ. ಅದಕ್ಕೆ ಬೇಕಾದದ್ದು ನೆರಳಿನಲ್ಲಿ ನಿಂತ, ಒಂದಿಷ್ಟು ತರಗೆಲೆ ಬಿದ್ದ ಮಳೆನೀರು. ಕಪ್ಪು ಬಣ್ಣ, ಒಳಗೆ ಕತ್ತಲೆ, ಬೆಚ್ಚಗಿನ ಗೋಡೆ, ಗಾಳಿಯ ಅಲುಗಾಟವಿಲ್ಲದ ನೀರು, ಇವೆಲ್ಲ ಒಂದೆಡೆ ಕೂಡಿಬರುವ ಪಾತ್ರೆಯನ್ನು ಸೊಳ್ಳೆಯೇ ವಿನ್ಯಾಸಮಾಡಿದ್ದರೂ ಟಯರಿಗಿಂತ ಉತ್ತಮವಾಗಿ ಮಾಡಲಾರದು. ಆಶಾ ಕಾರ್ಯಕರ್ತೆಯೂ ಆರೋಗ್ಯ ನಿರೀಕ್ಷಕರೂ ಲಾರ್ವಾ ಸಮೀಕ್ಷೆಗೆಂದು ಬಂದಾಗ ಅವರ ಕೈಯಲ್ಲಿರುವ ಸಲಕರಣೆ ಅತ್ಯಲ್ಪ: ಒಂದು ಟಾರ್ಚು, ಒಂದು ಸೌಟು ಅಥವಾ ಲೋಟ, ಒಂದು ಬಿಳಿಯ ತಟ್ಟೆ. ಟಯರಿನ ಒಳಮಗ್ಗುಲಿಗೆ ಬೆಳಕು ಬಿಟ್ಟೊಡನೆ ಮರಿಹುಳುಗಳು ಬೆಳಕಿಗೆ ಬೆದರಿ ಕೊಂಕುತ್ತ ಕೊಂಕುತ್ತ ತಳಕ್ಕಿಳಿಯುವುವು. ಆದುದರಿಂದ ಅನುಭವವುಳ್ಳವಳು ಮೊದಲು ಸೌಟನ್ನು ಅದ್ದಿ ನೀರನ್ನು ತಟ್ಟೆಗೆ ಸುರಿದು, ಆಮೇಲೆ ಟಾರ್ಚು ಹಾಕುವಳು. ಬಿಳಿಯ ತಟ್ಟೆಯಲ್ಲಿ ಕೂದಲೆಳೆಯ ತುಂಡುಗಳಂತೆ ಅವು ಹೊರಳಾಡುವುದನ್ನು ಒಮ್ಮೆ ಕಣ್ಣಾರೆ ಕಂಡ ಅಂಗಡಿಯವನಿಗೆ ಬೇರೆ ಉಪನ್ಯಾಸದ ಅಗತ್ಯವಿರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ‘ನೀರು ಚೆಲ್ಲಿಬಿಡು’ ಎಂದರೆ ಸಾಲದು. ಟಯರನ್ನು ಯಾವ ಮಗ್ಗುಲಿಗೆ ಹೊರಳಿಸಿದರೂ ಅದರ ತುಟಿಯಂಥ ಅಂಚಿನ ಹಿಂದೆ ಒಂದೆರಡು ಲೋಟ ನೀರು ಉಳಿದೇ ಉಳಿಯುವುದು. ಅದಕ್ಕಿಂತ ಮುಖ್ಯವಾಗಿ, ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನಲ್ಲಿ ತೇಲಿಬಿಡದೆ ನೀರಿನ ಮಟ್ಟಕ್ಕಿಂತ ಕೊಂಚ ಮೇಲೆ, ಒದ್ದೆಯಾದ ಗೋಡೆಗೆ ಅಂಟಿಸಿಡುವುದು. ಆ ಮೊಟ್ಟೆಗಳು ಒಣಗಿದ ಟಯರಿನಲ್ಲಿಯೇ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮುಂದಿನ ಮಳೆಯ ನೀರು ತಾಕಿದೊಡನೆ ಒಡೆಯುವುವು. ಏಷ್ಯಾದ ಹುಲಿಸೊಳ್ಳೆಯೆಂದು ಹೆಸರಾದ ಈಡಿಸ್ ಆಲ್ಬೊಪಿಕ್ಟಸ್ 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನೆಲೆಯೂರಿರುವುದು ಪತ್ತೆಯಾದಾಗ, ಅದು ರೀಟ್ರೇಡಿಂಗಿಗಾಗಿ ಏಷ್ಯಾದಿಂದ ಹಡಗಿನಲ್ಲಿ ಬಂದ ಹಳೆಯ ಟಯರುಗಳ ಒಳಗೆ ಸಾಗರವನ್ನು ದಾಟಿತೆಂದು ವಿಜ್ಞಾನಿಗಳು ನಿರ್ಣಯಿಸಿದರು. ಸಾಗರವನ್ನು ದಾಟಬಲ್ಲ ಮೊಟ್ಟೆಗೆ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಗುಜರಿ ಲಾರಿಯಲ್ಲಿ ಹೋಗುವುದು ದೊಡ್ಡದಲ್ಲ. ಆದುದರಿಂದ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಬೇಕು, ಇಲ್ಲವೆ ತಳದಲ್ಲಿ ತೂತು ಕೊರೆಯಬೇಕು, ಇಲ್ಲವೆ ಮಳೆಯೇ ಬೀಳದ ಸೂರಿನಡಿಯಲ್ಲಿ ಇಡಬೇಕು. ನಾಲ್ಕನೆಯ ಉಪಾಯವೊಂದಿದ್ದರೆ ನನಗೆ ತೋರದು. ಸಮೀಕ್ಷೆಯ ಲೆಕ್ಕದಲ್ಲಿಯೂ ಟಯರಿಗೆ ವಿಶೇಷ ತೂಕವುಂಟು. ನೂರು ಮನೆಗಳಿಗೆ ಮರಿಹುಳು ಕಂಡ ಪಾತ್ರೆಗಳೆಷ್ಟು ಎಂಬ ಸೂಚ್ಯಂಕವನ್ನು ಇಲಾಖೆ ಹಾಕುತ್ತದಷ್ಟೆ. ಒಂದು ಬೀದಿಯ ಮನೆಗಳೆಲ್ಲ ತೊಟ್ಟಿ ತೊಳೆದು ಕವುಚಿಹಾಕಿದ್ದರೂ, ಮೂಲೆಯ ಒಂದು ಅಂಗಡಿಯ ಐವತ್ತು ಟಯರುಗಳು ಐವತ್ತು ಪಾತ್ರೆಗಳಾಗಿ ಲೆಕ್ಕಕ್ಕೆ ಬಂದು ಇಡೀ ಬೀದಿಯ ಸೂಚ್ಯಂಕವನ್ನು ಕೆಡಿಸಬಲ್ಲುವು.

2024ರಲ್ಲಿ ಈ ಪರೀಕ್ಷೆಗೆ ಹಲ್ಲು ಬಂದಿತು. ಆ ವರ್ಷ ಸೆಪ್ಟೆಂಬರಿನ ಆರಂಭದ ವೇಳೆಗೆ ರಾಜ್ಯದಲ್ಲಿ ಡೆಂಗೀ ಪ್ರಕರಣಗಳು 24,000ವನ್ನು ಮೀರಿದ್ದುವು. ಸರ್ಕಾರವು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮದಡಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟವರಿಗೆ ದಂಡವನ್ನು ಗೊತ್ತುಮಾಡಿತು. ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಗ್ರಾಮದಲ್ಲಿ 200. ಅಂಗಡಿ ಮುಂತಾದ ವಾಣಿಜ್ಯ ಸ್ಥಳಗಳಿಗೆ ನಗರದಲ್ಲಿ 1,000, ಗ್ರಾಮದಲ್ಲಿ 500. ಕಟ್ಟಡ ಕಾಮಗಾರಿ, ಪಾಳುಬಿದ್ದ ನಿವೇಶನಗಳಿಗೆ ಇದರ ಇಮ್ಮಡಿ. ಹುಣಸೂರಿನ ನಗರಸಭೆಯ ವ್ಯಾಪ್ತಿಯಲ್ಲಿ ಸಾವಿರವಾಗುವ ದಂಡ ಊರ ಹೊರಗಿನ ಗ್ರಾಮ ಪಂಚಾಯಿತಿಯ ಗಡಿಯನ್ನು ದಾಟಿದೊಡನೆ ಐನೂರಾಗುವುದು. ಹೆದ್ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ಅನೇಕವು ಈ ಎರಡನೆಯ ಗುಂಪಿಗೆ ಸೇರುವುವೆಂಬುದನ್ನು ಹೆದ್ದಾರಿಯಲ್ಲಿ ಹೋದವರು ಬಲ್ಲರು. ಸೊಳ್ಳೆಗೆ ಈ ಗಡಿ ತಿಳಿಯದು.

ಇನ್ನು ಹೊಗೆ. ಟಯರಿನ ರಬ್ಬರು ರಾಸಾಯನಿಕವಾಗಿ ಎಣ್ಣೆಯ ಕುಲಕ್ಕೆ ಸೇರಿದ್ದು. ಸಮತೂಕದ ಕಲ್ಲಿದ್ದಲಿಗಿಂತ ಹೆಚ್ಚು ಶಾಖವನ್ನು ಅದು ಕೊಡಬಲ್ಲದು. ಹತ್ತಿಕೊಳ್ಳುವುದು ನಿಧಾನ, ಹತ್ತಿದ ಮೇಲೆ ಆರಿಸುವುದು ದುಸ್ಸಾಧ್ಯ. 1983ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಎಪ್ಪತ್ತು ಲಕ್ಷದಷ್ಟು ಟಯರುಗಳ ರಾಶಿಗೆ ಬಿದ್ದ ಬೆಂಕಿ ಒಂಬತ್ತು ತಿಂಗಳು ಉರಿಯಿತು. ಕರಗಿ ಹರಿದ ಎಣ್ಣೆಯನ್ನು ತೊರೆಗೆ ಸೇರದಂತೆ ತಡೆಯುವುದೇ ಪ್ರತ್ಯೇಕ ಕಾರ್ಯವಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ರಾಶಿಗಳಿಲ್ಲ. ನಮ್ಮ ಪಾಪ ಚಿಲ್ಲರೆಯದು. ಇಟ್ಟಿಗೆಗೂಡಿನ ಬಾಯಿಗೆ ಎರಡು ಟಯರು, ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆಯೊಡನೆ ನಾಲ್ಕು ತುಂಡು. ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಹೀಗೆ ಟಯರು, ಪ್ಲಾಸ್ಟಿಕ್ಕುಗಳನ್ನು ಉರಿಸುವರೆಂಬ ದೂರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿರುವುದು. ಟಯರಿನ ಹೊಗೆಯಲ್ಲಿ ಗಂಧಕದ ಆಕ್ಸೈಡು, ಮಸಿ, ಅರ್ಬುದಕಾರಕವಾದ ಆರೊಮ್ಯಾಟಿಕ್ ಸಂಯುಕ್ತಗಳೆಲ್ಲ ಇರುವುವೆಂದ ಮೇಲೆ, ಅದರ ಮೇಲೆ ಕುದಿದ ಬೆಲ್ಲವನ್ನು ದೇವರ ನೈವೇದ್ಯಕ್ಕಿಡುವಾಗ ಯಾರಾದರೂ ಒಂದು ಕ್ಷಣ ಹಿಂಜರಿಯಬೇಕು. ಬಯಲಿನಲ್ಲಿ ಟಯರನ್ನು ಸುಡುವುದನ್ನೂ ಇಟ್ಟಿಗೆಗೂಡುಗಳಲ್ಲಿ ಉರುವಲಾಗಿ ಬಳಸುವುದನ್ನೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2014ರಷ್ಟು ಹಿಂದೆಯೇ ನಿಷೇಧಿಸಿತು. ಕಾಡಂಚಿನಲ್ಲಿ ಉರಿಯುವ ಟಯರಿಗೆ ಇನ್ನೊಂದು ಘೋರ ಉಪಯೋಗವೂ ಇದೆಯೆಂಬುದು 2021ರ ಜನವರಿಯಲ್ಲಿ ನೀಲಗಿರಿಯ ಮಸಿನಗುಡಿಯಲ್ಲಿ ಕಾಣಬಂದಿತು. ಊರೊಳಗೆ ಬಂದ ಗಂಡಾನೆಯ ಮೇಲೆ ಉರಿಯುವ ಟಯರನ್ನು ಎಸೆಯಲಾಗಿ, ಅದು ಕಿವಿಗೆ ಸಿಕ್ಕಿಕೊಂಡು, ಗಾಯಗೊಂಡ ಆನೆ ಕೆಲದಿನಗಳಲ್ಲಿ ಸತ್ತಿತು. ನಾಗರಹೊಳೆಯ ಅಂಚಿನಲ್ಲಿರುವ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳವರಿಗೆ ಆ ಸುದ್ದಿ ದೂರದ್ದಾಗಿ ತೋರಿರಲಾರದು.

ಹೊಗೆಯನ್ನು ನೋಡತಕ್ಕವರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು. 1974ರಲ್ಲಿ ಜಲ ಅಧಿನಿಯಮವಾದ ವರ್ಷವೇ ಸ್ಥಾಪಿತವಾದ ಈ ಮಂಡಳಿಯ ಪ್ರಾದೇಶಿಕ ಕಚೇರಿ ಮೈಸೂರಿನಲ್ಲಿದೆ. ಅಲ್ಲಿನ ಪರಿಸರ ಅಧಿಕಾರಿಗಳು ನಾಲ್ಕೂ ತಾಲ್ಲೂಕುಗಳಿಗೆ ಮೈಸೂರಿನಿಂದಲೇ ಬರಬೇಕು. ಅವರ ಅಧಿಕಾರವೇನೋ ವಿಶಾಲವಾದದ್ದು. ಯುಕ್ತವಾದ ಯಾವ ಹೊತ್ತಿನಲ್ಲಾದರೂ ಉದ್ಯಮದ ಆವರಣವನ್ನು ಪ್ರವೇಶಿಸಿ ಯಂತ್ರವನ್ನೂ ದಾಖಲೆಯನ್ನೂ ತಪಾಸಣೆ ಮಾಡಬಹುದೆಂದು ಜಲ ಅಧಿನಿಯಮದ 23ನೆಯ ಪ್ರಕರಣವೂ 1981ರ ವಾಯು ಅಧಿನಿಯಮದ 24ನೆಯ ಪ್ರಕರಣವೂ ಹೇಳುತ್ತವೆ. ಮುಚ್ಚುವಂತೆ ಆಜ್ಞಾಪಿಸಿ ವಿದ್ಯುತ್ತನ್ನೂ ನೀರನ್ನೂ ಕಡಿಯಿಸುವ ಶಕ್ತಿ ಇನ್ನೆರಡು ಪ್ರಕರಣಗಳಲ್ಲಿದೆ. ಆದರೆ ಕಾಯಿದೆಯು ಅಧಿಕಾರಿಯ ಕೈಗೂ ಒಂದು ಕಟ್ಟುಪಾಡನ್ನು ಹಾಕಿರುವುದು ಸಾಮಾನ್ಯ ಉದ್ಯಮಿಗೆ ತಿಳಿದಿರಬೇಕಾದ ವಿಷಯ: ಚರಂಡಿಯ ನೀರಿನ ಮಾದರಿಯನ್ನು ತೆಗೆಯುವಾಗ ಅಲ್ಲಿಯೇ ನೋಟೀಸು ಕೊಡಬೇಕು, ತೆಗೆದದ್ದನ್ನು ಉದ್ಯಮಿಯ ಸಮಕ್ಷಮದಲ್ಲಿ ಎರಡು ಭಾಗ ಮಾಡಬೇಕು, ಎರಡನ್ನೂ ಮೊಹರು ಮಾಡಿ ಇಬ್ಬರೂ ರುಜು ಹಾಕಬೇಕು. ಹಾಗೆ ಮಾಡದ ಮಾದರಿ ನ್ಯಾಯಾಲಯದಲ್ಲಿ ನಿಲ್ಲದು. ಮಾಲಿನ್ಯದ ತೀವ್ರತೆಗೆ ತಕ್ಕಂತೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ಉದ್ಯಮಗಳನ್ನು ವಿಂಗಡಿಸಿ, ಬಿಳಿಯವನ್ನು ಬಿಟ್ಟು ಮಿಕ್ಕವಕ್ಕೆ ಕೆಲಸ ಆರಂಭಿಸುವ ಮುನ್ನ ಸ್ಥಾಪನೆಗೊಂದು, ಚಾಲನೆಗೊಂದು ಸಮ್ಮತಿಪತ್ರವನ್ನು ಕೊಡುವುದೂ ಮಂಡಳಿಯೇ.

ಮಂಡಳಿಯ ದೃಷ್ಟಿ ಎಲ್ಲಕ್ಕಿಂತ ಹೆಚ್ಚು ಬೀಳುವುದು ಪೈರಾಲಿಸಿಸ್ ಘಟಕಗಳ ಮೇಲೆ. ಟಯರನ್ನು ಗಾಳಿ ಸೋಕದ ಕಬ್ಬಿಣದ ಹಂಡೆಯಲ್ಲಿ ಮುಚ್ಚಿ 400ರಿಂದ 500 ಡಿಗ್ರಿಯವರೆಗೆ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆಯುತ್ತದೆ. ತೂಕದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಎಣ್ಣೆ, ಮೂರನೆಯ ಒಂದು ಪಾಲಿನ ಆಸುಪಾಸಿನಲ್ಲಿ ಕರಿಪುಡಿ, ಮಿಕ್ಕದ್ದು ಉಕ್ಕಿನ ತಂತಿಯೂ ಅನಿಲವೂ ಆಗಿ ಬೇರ್ಪಡುವುದು. ಕೇಳಲು ಸೊಗಸಾದ ಈ ಕ್ರಿಯೆಯ ಅಪಾಯವೆಲ್ಲ ಹಂಡೆಯ ಬಾಯಿ ತೆರೆಯುವ ಗಳಿಗೆಯಲ್ಲಿದೆ. ಪೂರಾ ತಣಿಯುವ ಮೊದಲೇ ತೆರೆದರೆ ಒಳಗುಳಿದ ಅನಿಲಕ್ಕೆ ಗಾಳಿ ತಾಕಿ ಬೆಂಕಿ ಹೊತ್ತುವುದು; ತಣಿದ ಮೇಲೆ ತೆರೆದರೂ ಕರಿಪುಡಿಯನ್ನು ಸಲಿಕೆಯಲ್ಲಿ ಎಳೆದು ಹಾಕಿದರೆ ಆಳಿನ ಎದೆಯಿಂದ ಹಿಡಿದು ಪಕ್ಕದ ಹೊಲದ ರಾಗಿಯವರೆಗೆ ಎಲ್ಲವೂ ಕಪ್ಪಾಗುವುದು. ಆದಕಾರಣ ಪರೀಕ್ಷೆಗೆ ಬಂದವರು ಕೇಳಬೇಕಾದ ಪ್ರಶ್ನೆಗಳು ಈ ಒಂದು ಗಳಿಗೆಯ ಸುತ್ತಲೂ ಇವೆ: ನೈಟ್ರೋಜನ್ನನ್ನು ಹಾಯಿಸಿ ಅನಿಲವನ್ನು ಹೊರದೂಡುವ ಏರ್ಪಾಡು ಇದೆಯೆ, ಪುಡಿಯು ಮುಚ್ಚಿದ ಕೊಳವೆಯ ಮೂಲಕ ನೇರವಾಗಿ ಚೀಲಕ್ಕೆ ಇಳಿಯುವುದೆ, ಹೆಚ್ಚಿನ ಅನಿಲವನ್ನು ಸುಡುವ ವ್ಯವಸ್ಥೆ ಉಂಟೆ. 2019ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹಸಿರು ನ್ಯಾಯಾಧಿಕರಣದ ಮುಂದಿಟ್ಟ ಲೆಕ್ಕದ ಪ್ರಕಾರ 19 ರಾಜ್ಯಗಳಲ್ಲಿದ್ದ ಇಂಥ 637 ಘಟಕಗಳಲ್ಲಿ ನಿಯಮ ಪಾಲಿಸುತ್ತಿದ್ದುವು 251 ಮಾತ್ರ. 270 ಪಾಲಿಸದವು, 116 ಮುಚ್ಚಿದವು. ಪರೀಕ್ಷೆಯ ಅಗತ್ಯವನ್ನು ಕುರಿತು ಇದಕ್ಕಿಂತ ಹೆಚ್ಚಿನ ವಾದ ಬೇಡ.

ಮೂರನೆಯ ಪರೀಕ್ಷೆ ಇನ್ನೂ ಹೊಸದು, ಮತ್ತು ಅದರಲ್ಲಿ ನೀರೂ ಇಲ್ಲ, ಹೊಗೆಯೂ ಇಲ್ಲ. ಎಲ್ಲವೂ ಕಾಗದ, ಅದೂ ಕಂಪ್ಯೂಟರಿನೊಳಗಿನದು. 2022ರ ಜುಲೈ 21ರಂದು ಕೇಂದ್ರ ಸರ್ಕಾರವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಂಬತ್ತನೆಯ ಅನುಸೂಚಿಯನ್ನು ಸೇರಿಸಿ, ಟಯರನ್ನು ತಯಾರಿಸಿದವನೇ ಅದರ ಅಂತ್ಯಕ್ರಿಯೆಗೂ ಹೊಣೆಯೆಂದು ವಿಧಿಸಿತು. ಮೈಸೂರಿಗೆ ಇದು ಪರಕೀಯವಾದ ಸಂಗತಿಯಲ್ಲ, 1997ರಲ್ಲಿ ಜೆ.ಕೆ. ಸಮೂಹದ ಕೈಸೇರಿದ ಇಲ್ಲಿನ ವಿಕ್ರಾಂತ್ ಕಾರ್ಖಾನೆಯ ಟಯರು ಈ ಭಾಗದ ಲಾರಿ, ಬಸ್ಸುಗಳ ಕಾಲಲ್ಲಿ ದಶಕಗಳಿಂದ ಉರುಳುತ್ತಿರುವುದು. ವಿಧಿಯ ಕ್ರಮ ಹೀಗೆ: 2020–21ರಲ್ಲಿ ಮಾಡಿದ ಹೊಸ ಟಯರಿನ ಶೇಕಡಾ 35ರಷ್ಟಕ್ಕೆ 2022–23ರಲ್ಲಿ, 2021–22ರದರ ಶೇಕಡಾ 70ಕ್ಕೆ ಮರುವರ್ಷ, ಅಲ್ಲಿಂದ ಮುಂದೆ ಎರಡು ವರ್ಷ ಹಿಂದಿನ ತಯಾರಿಕೆಯ ಪೂರ್ತಿ ಪ್ರಮಾಣಕ್ಕೆ ತಯಾರಕನು ಲೆಕ್ಕ ಒಪ್ಪಿಸಬೇಕು. ಒಪ್ಪಿಸುವುದು ಟಯರನ್ನಲ್ಲ, ಪ್ರಮಾಣಪತ್ರವನ್ನು. ನೋಂದಾಯಿತ ಮರುಬಳಕೆದಾರನು ಟಯರನ್ನು ರೀಕ್ಲೇಮ್ ರಬ್ಬರಾಗಿ, ರಸ್ತೆಯ ಡಾಂಬರಿಗೆ ಬೆರೆಸುವ ಪುಡಿಯಾಗಿ, ಕರಿಯಾಗಿ, ಎಣ್ಣೆಯಾಗಿ ಮಾಡಿ ಮಾರಿದಾಗ ಅವನ ಖಾತೆಗೆ ಪ್ರಮಾಣಪತ್ರ ಜಮೆಯಾಗುವುದು. ತಯಾರಕನು ಅದನ್ನು ಕೊಳ್ಳುವನು. ರೀಟ್ರೇಡ್ ಮಾಡಿದವನ ಪತ್ರದಿಂದ ಹೊಣೆ ತೀರುವುದಿಲ್ಲ, ಒಂದು ವರ್ಷ ಮುಂದಕ್ಕೆ ಹೋಗುವುದು ಮಾತ್ರ; ರೀಟ್ರೇಡಾದದ್ದು ಸತ್ತಿಲ್ಲವಷ್ಟೆ. ಎಣ್ಣೆ, ಕರಿಪುಡಿಗಳಿಗಾಗಿ ಹಳೆಯ ಟಯರನ್ನು ಹೊರದೇಶದಿಂದ ತರಿಸುವುದನ್ನೂ ಇದೇ ಅನುಸೂಚಿ ನಿಷೇಧಿಸಿತು. ಪ್ರಮಾಣಪತ್ರಕ್ಕೆ ಬೆಲೆ ಬಂದಲ್ಲಿ ಹುಸಿಪತ್ರವೂ ಬರುವುದು ಲೋಕರೂಢಿ. ಆದುದರಿಂದಲೇ ಲೆಕ್ಕದ ಪರಿಶೋಧನೆ, ತಪ್ಪಿದವರಿಂದ ಪರಿಸರ ಪರಿಹಾರ ವಸೂಲಿ ಮೊದಲಾದುವುಗಳನ್ನೂ ಅದರೊಡನೆ ಜೋಡಿಸಿದರು.

ಈಗ ಈ ಮೂರು ಪರೀಕ್ಷೆಗಳನ್ನೂ ಪಂಕ್ಚರ್ ಅಂಗಡಿಯ ಹಿಂಬದಿಯ ಆ ರಾಶಿಯ ಮುಂದೆ ನಿಲ್ಲಿಸಿ ನೋಡಬೇಕು. ಒಂಬತ್ತನೆಯ ಅನುಸೂಚಿಯು ನೋಂದಣಿ ಕೇಳುವುದು ತಯಾರಕನನ್ನು, ಆಮದುಗಾರನನ್ನು, ಮರುಬಳಕೆದಾರನನ್ನು, ರೀಟ್ರೇಡ್ ಮಾಡುವವನನ್ನು. ಪಂಕ್ಚರ್ ಅಂಗಡಿಯವನು, ಟಯರ್ ಮಾರುವ ವ್ಯಾಪಾರಿ, ತಿಂಗಳಿಗೊಮ್ಮೆ ಬಂದು ಲೆಕ್ಕ ಹಾಕಿ ಕೊಂಡೊಯ್ಯುವ ಗುಜರಿಯವನು, ಇವರಾರೂ ಅದರಲ್ಲಿಲ್ಲ. ಅಂದರೆ ನಿಯಮವು ಟಯರಿನ ಜನನವನ್ನೂ ಮರಣವನ್ನೂ ಬರೆದುಕೊಳ್ಳುತ್ತದೆ. ನಡುವಣ ವಾರ್ಧಕ್ಯ ಅದರ ಕಣ್ಣಿಗೆ ಬೀಳದು. ಮಂಡಳಿಯ ಅಧಿಕಾರಿ ಕಾರ್ಖಾನೆಯ ಚಿಮಣಿಯನ್ನು ಅರಸುವನು. ಹತ್ತಡಿ ಅಗಲದ ಅಂಗಡಿಗೆ ಚಿಮಣಿ ಇಲ್ಲ. ನಗರಸಭೆ, ಪುರಸಭೆಗಳು ಕೊಡುವ ಉದ್ದಿಮೆ ಪರವಾನಗಿಯನ್ನು ನವೀಕರಿಸುವಾಗ ಶುಲ್ಕದ ರಸೀದಿಯನ್ನು ಕೇಳುವುದುಂಟು, ಹಿತ್ತಿಲನ್ನು ನೋಡುವುದು ಅಪರೂಪ. ಹಾಗಾಗಿ ಮೈಸೂರು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಹಳೆಯ ಟಯರಿನ ಬಳಿಗೆ ಬಂದು, ಬಗ್ಗಿ, ಅದರೊಳಕ್ಕೆ ಕಣ್ಣಿಟ್ಟು ನೋಡುವ ರಾಜ್ಯಶಕ್ತಿಯ ಏಕೈಕ ಪ್ರತಿನಿಧಿ ಟಾರ್ಚು ಹಿಡಿದ ಆಶಾ ಕಾರ್ಯಕರ್ತೆ. ಆಕೆ ನೋಡುವುದು ಟಯರನ್ನಲ್ಲ, ಅದರೊಳಗಿನ ಹುಳುವನ್ನು. ಹುಳುವಿಲ್ಲದಿದ್ದರೆ ಟಯರು ಇದ್ದೂ ಇಲ್ಲದಂತೆ. ದಂಡಕ್ಕೆ ಹೆದರಿ ಅಂಗಡಿಯವನು ರಾಶಿಯನ್ನು ರಾತ್ರೋರಾತ್ರಿ ಕೆರೆಯ ಏರಿಯಾಚೆಗೆ ಸಾಗಿಸಿದರೂ, ಅಗ್ಗದ ಬೆಲೆಗೆ ಇಟ್ಟಿಗೆಗೂಡಿನವನಿಗೆ ಕೊಟ್ಟರೂ, ಸಮೀಕ್ಷೆಯ ಪುಸ್ತಕದಲ್ಲಿ ಆ ಅಂಗಡಿ ಶುದ್ಧವಾಯಿತೆಂದೇ ನಮೂದಾಗುವುದು. ನೀರಿನ ಪರೀಕ್ಷೆಯು ಹೀಗೆ ಹೊಗೆಗೆ ಕಾರಣವಾಗಬಲ್ಲದು. ಹೊಗೆಸೊಪ್ಪನ್ನು ಹದ ಮಾಡಲು ಬ್ಯಾರನ್ನುಗಳು ಹೊತ್ತಿಕೊಳ್ಳುವುದೂ ಮಳೆಗಾಲದಲ್ಲಿಯೇ. ಗಲ್ಲಿಗಲ್ಲಿಗೂ ಲಾರ್ವಾ ಸಮೀಕ್ಷೆ ನಡೆಯುವ ಆ ತಿಂಗಳುಗಳಲ್ಲಿ ಟ್ರಾಕ್ಟರುಗಳ ಓಡಾಟ ಹೆಚ್ಚಿ, ಅಂಗಡಿಗಳ ಹಿಂದಿನ ರಾಶಿಯೂ ಹೆಚ್ಚುವುದು.

ಇದಕ್ಕೆ ಹೊಸ ಇಲಾಖೆಯೊಂದನ್ನು ಹುಟ್ಟಿಸಬೇಕೆಂದು ನಾನು ಹೇಳೆನು. ಇರುವ ಇಲಾಖೆಗಳೇ ಬೇಕಾದಷ್ಟಾಗಿವೆ. ಉದ್ದಿಮೆ ಪರವಾನಗಿಯ ನವೀಕರಣಕ್ಕೆ ಒಂದೇ ಒಂದು ಕಾಗದವನ್ನು ಸೇರಿಸಬಹುದು: ಕಳೆದ ವರ್ಷದ ಟಯರುಗಳನ್ನು ಯಾರಿಗೆ ಮಾರಿದೆ, ಕೊಂಡವನು ನೋಂದಾಯಿತ ಮರುಬಳಕೆದಾರನಿಗೆ ತಲಪಿಸಿದ ರಸೀದಿ ಎಲ್ಲಿ ಎಂಬುದು. ತಯಾರಕರು ಪ್ರಮಾಣಪತ್ರಕ್ಕೆ ಕೊಡುವ ಹಣದ ಒಂದಂಶವು ಆ ರಸೀದಿಯ ಜಾಡು ಹಿಡಿದು ಅಂಗಡಿಯವರೆಗೂ ಇಳಿದು ಬಂದರೆ, ಇಟ್ಟಿಗೆಗೂಡಿನವನು ಕೊಡುವ ಬೆಲೆಗಿಂತ ಅದು ಹತ್ತು ರೂಪಾಯಿ ಮೇಲಾದರೂ ಸಾಕು, ಟಯರು ತಾನಾಗಿ ಸರಿಯಾದ ದಾರಿಯನ್ನು ಹಿಡಿಯುವುದು. ಸಮೀಕ್ಷೆಯ ಪುಸ್ತಕದಲ್ಲಿಯೂ ಒಂದು ಕಾಲಮನ್ನು ಕೂಡಿಸಬಹುದು. ಹುಳುವಿದೆಯೆ ಎಂಬುದರ ಪಕ್ಕದಲ್ಲಿ ಟಯರುಗಳೆಷ್ಟು, ಹಿಂದಿನ ಭೇಟಿಯಲ್ಲಿದ್ದವು ಎಲ್ಲಿ ಹೋದುವು ಎಂದು. ಆದರೆ ಈ ಎರಡನೆಯ ಸಲಹೆಯನ್ನು ಕೊಡುವಾಗ ನನಗೆ ಸಂಕೋಚವಾಗುವುದು. ಖಾತರಿಯಾದ ಮಾಸಿಕ ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಬಯಲಿನಲ್ಲಿ ಚಳಿಯಲ್ಲಿ ಕೂತು ಧರಣಿ ನಡೆಸಬೇಕಾಯಿತು. ಬಾಣಂತಿಯ ಭೇಟಿ, ಲಸಿಕೆ, ಕ್ಷಯದ ಸಮೀಕ್ಷೆ, ಲಾರ್ವಾದ ಲೆಕ್ಕ ಇವೆಲ್ಲದರ ಮೇಲೆ ಟಯರಿನ ಲೆಕ್ಕವನ್ನೂ ಆಕೆಯ ತಲೆಗೆ ಹೊರಿಸುವುದಾದರೆ ಅದರ ಕೂಲಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯೋ ಟಯರ್ ತಯಾರಕರೋ ಕೊಡತಕ್ಕದ್ದು. ಆರೋಗ್ಯ ಇಲಾಖೆಯ ಖಾತೆಯಿಂದಲ್ಲ.